ಚರ್ಚ್‌ಗೇಟಿನ ಚರ್ಚು ಮತ್ತು ನಮ್ಮ ಪಿಟೀಲು

ಊರಿನಿಂದ ಮುಂಬಯಿಗೆ ಬರುವ ನೆಂಟರಿಷ್ಟರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಚರ್ಚ್‌ಗೇಟ್ ಅಂತೀರಲ್ಲ, ಚರ್ಚು ಎಲ್ಲಿ? ಗೇಟು ಎಲ್ಲಿ?" ಸ್ಟೇಷನ್ನಿನಿಂದ ಹೊರಗೆ ಬಂದು ಎಡಕ್ಕೆ ಬಲಕ್ಕೆ ಎಷ್ಟು ಕತ್ತು ತಿರುಗಿಸಿದರೂ ಎರಡೂ ಕಾಣುವುದಿಲ್ಲ. ಗೇಟು 1860ರ ದಶಕದಲ್ಲೇ ಹೋಯಿತು. ಕೋಟೆಯ ಗೋಡೆಗಳನ್ನು ಕೆಡವಿದಾಗ ಅದರ ಜೊತೆ ಮೂರು ದ್ವಾರಗಳೂ ಹೋದವು: ಅಪೋಲೋ ಗೇಟ್, ಬಜಾರ್ ಗೇಟ್, ಚರ್ಚ್ ಗೇಟ್. ಚರ್ಚ್ ಗೇಟ್ ಇದ್ದ ಜಾಗದ ಹತ್ತಿರ 1864ರಲ್ಲಿ ಫ್ಲೋರಾ ಫೌಂಟನ್ ಎದ್ದು ನಿಂತಿತು. ಚರ್ಚು ಮಾತ್ರ ಈಗಲೂ ಇದೆ. ಫ್ಲೋರಾ ಫೌಂಟನ್ನಿನಿಂದ ಹಾರ್ನಿಮನ್ ಸರ್ಕಲ್ ಕಡೆಗೆ ನಡೆದರೆ ಎಡಗಡೆಗೆ ಸಿಗುವ ಸೇಂಟ್ ಥಾಮಸ್ ಕ್ಯಾಥೆಡ್ರಲ್ ಅದೇ. ಹೆಸರು ಸ್ಟೇಷನ್ನಿಗೆ ಹೋಯಿತು, ಚರ್ಚು ಇದ್ದಲ್ಲೇ ಉಳಿಯಿತು.

ನಾನು ಬ್ಯಾಂಕಿನ ಕೆಲಸದಲ್ಲಿ ಇದ್ದಾಗ ಆ ಬೀದಿಯಲ್ಲಿ ನಡೆದಷ್ಟು ನಮ್ಮೂರ ತೇರಬೀದಿಯಲ್ಲೂ ನಡೆದಿಲ್ಲ. ಹಾರ್ನಿಮನ್ ಸರ್ಕಲ್ ಅಂದರೆ ಬ್ಯಾಂಕಿನವರ ರಥಬೀದಿ. ರಿಸರ್ವ್ ಬ್ಯಾಂಕ್ ಪಕ್ಕದಲ್ಲಿ, ಹಳೇ ಟೌನ್‌ಹಾಲ್ ಎದುರಲ್ಲಿ, ಸುತ್ತ ಎಲ್ಲ ಬ್ಯಾಂಕುಗಳ ಕಛೇರಿಗಳು. ಒಳಗೆ ಹೋಗಿ ನೋಡಿದ್ದು ಬಹಳ ತಡವಾಗಿ. ನಿವೃತ್ತಿಯ ಮೇಲೆ, ವಾಶಿಯಿಂದ ಲೋಕಲ್ ಹಿಡಿದು, ಒಂದು ಜನವರಿ ಸಂಜೆ. ಅಲ್ಲಿ ಚೇಂಬರ್ ಆರ್ಕೆಸ್ಟ್ರಾ ಒಂದರ ತಂತಿವಾದ್ಯಗಳ ಕಛೇರಿ ಇತ್ತು. ಆ ಕಛೇರಿಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕಟ್ಟಡದ ಲೆಕ್ಕಪತ್ರ ಆಗಬೇಕು, ಯಾಕೆಂದರೆ ಅದರಲ್ಲಿ ನಮ್ಮ ಕಡೆಯ ಹೆಸರೊಂದು ಬರುತ್ತದೆ.

ಈಸ್ಟ್ ಇಂಡಿಯಾ ಕಂಪೆನಿಗೆ ಮುಂಬಯಿ ದ್ವೀಪ ಸಿಕ್ಕಿದ್ದು 1668ರಲ್ಲಿ, ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ. ಮರುವರ್ಷ ಗವರ್ನರ್ ಆದ ಜೆರಾಲ್ಡ್ ಆಂಜಿಯರ್ ಇಲ್ಲಿ ಊರು ಕಟ್ಟಬೇಕು, ಎಲ್ಲ ಜಾತಿ ಧರ್ಮದ ವ್ಯಾಪಾರಿಗಳನ್ನು ಕರೆಸಬೇಕು ಅಂತ ಯೋಚಿಸಿದವನು. 1676ರಲ್ಲಿ ಚರ್ಚಿಗೆ ಬುನಾದಿ ಬಿತ್ತು. ಮರುವರ್ಷ ಆತ ಸೂರತ್ತಿನಲ್ಲಿ ತೀರಿಕೊಂಡ. ಕೆಲಸ ನಿಂತಿತು. ಸುಮಾರು ಹದಿನೈದು ಅಡಿ ಎದ್ದ ಗೋಡೆ ನಲವತ್ತು ವರ್ಷ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನ ಕಪ್ತಾನ 1727ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇದಕ್ಕೊಂದು ಕಾರಣ ಕೊಡುತ್ತಾನೆ: ಚರ್ಚಿಗೆ ಅಂತ ಐದು ಸಾವಿರ ಪೌಂಡಿಗೂ ಮಿಕ್ಕಿ ಚಂದಾ ಸಂಗ್ರಹವಾಗಿತ್ತಂತೆ, ಸರ್ ಜಾನ್ ಚೈಲ್ಡ್ ಅಧಿಕಾರಕ್ಕೆ ಬಂದಮೇಲೆ ಅದು ಅವನ ಸ್ವಂತಕ್ಕೆ ಹೋಯಿತಂತೆ. ಹ್ಯಾಮಿಲ್ಟನ್‌ಗೆ ಚೈಲ್ಡ್ ಕಂಡರೆ ಆಗುತ್ತಿರಲಿಲ್ಲ, ಆದ್ದರಿಂದ ಉಪ್ಪುಖಾರ ಕಳೆದು ಓದಬೇಕು. ಆದರೆ ಕಟ್ಟಡ ನಿಧಿಯ ಹಣ ಬೇರೆ ಖಾತೆಗೆ ಹೋಗುವ ಕತೆ ನಮಗೇನು ಹೊಸತೇ?

ಕೊನೆಗೆ 1714ರಲ್ಲಿ ಬಂದ ರಿಚರ್ಡ್ ಕಾಬ್ ಎಂಬ ತರುಣ ಪಾದ್ರಿ ಹಟ ಹಿಡಿದು ಮತ್ತೆ ಚಂದಾ ಎತ್ತಿದ. ಕಂಪೆನಿ ಕೊಟ್ಟಿತು, ಇಂಗ್ಲಿಷ್ ನೌಕರರು ಕೊಟ್ಟರು, ಇಲ್ಲಿಯ ವ್ಯಾಪಾರಿಗಳೂ ಕೊಟ್ಟರು. 1718ರ ಕ್ರಿಸ್‌ಮಸ್ ದಿನ ಗವರ್ನರ್ ಚಾರ್ಲ್ಸ್ ಬೂನ್ ಮೆರವಣಿಗೆಯಲ್ಲಿ ಬಂದು ಚರ್ಚು ತೆರೆಯಿತು. ಆ ದಿನದ ವಿವರವನ್ನು ಕಾಬ್ ತಾನೇ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಕಡೆ ಬರುತ್ತದೆ ನೋಡಿ ಹೆಸರು: ರಾಮಾ ಕಾಮತಿ. ಈ ಕಾಮತಿ ತನ್ನ ಜಾತಿಬಾಂಧವರನ್ನೆಲ್ಲ ಕರೆದುಕೊಂಡು ಬಂದಿದ್ದನಂತೆ. ಪೂಜೆಯ ಶಿಸ್ತು ಅಚ್ಚುಕಟ್ಟು ಅವರಿಗೆ ಹಿಡಿಸಿ, ಪೂರ್ತಿ ಮುಗಿಯುವವರೆಗೂ ಹೊರಗೆ ನಿಂತು ಕೇಳಿದರಂತೆ.

ಕಾಮತ್ ಅಂದರೆ ಕರಾವಳಿಯ ನಮಗೆ ವಿವರಿಸಬೇಕಾಗಿಲ್ಲ. ರಾಮಾ ಕಾಮತಿ ಸಾರಸ್ವತ, ದೊಡ್ಡ ವ್ಯಾಪಾರಿ, ಕಂಪೆನಿಯ ದೇಶೀ ಸಿಪಾಯಿಗಳ ಮುಖ್ಯಸ್ಥನೂ ಆಗಿದ್ದವನು. ಪೋರ್ಚುಗೀಸರ ಕಾಲದಲ್ಲಿ ಹಾಳಾಗಿದ್ದ ವಾಲ್ಕೇಶ್ವರ ದೇವಸ್ಥಾನವನ್ನು 1715ರಲ್ಲಿ ಮತ್ತೆ ಕಟ್ಟಿಸಿದವನು ಇವನೇ. ಅಂದರೆ ಈ ಕಡೆ ಶಿವನ ಗುಡಿ, ಮೂರು ವರ್ಷ ಬಿಟ್ಟು ಆ ಕಡೆ ಇಂಗ್ಲಿಷರ ಚರ್ಚಿನ ಬಾಗಿಲಲ್ಲಿ ಕೇಳುಗ. ಇಷ್ಟಕ್ಕೇ ನಿಂತಿದ್ದರೆ ಕೋಮು ಸೌಹಾರ್ದದ ಭಾಷಣಕ್ಕೆ ಒಳ್ಳೆಯ ಉದಾಹರಣೆ ಆಗುತ್ತಿತ್ತು. ನಿಲ್ಲಲಿಲ್ಲ.

ಒಂದೂಕಾಲು ವರ್ಷದಲ್ಲಿ, 1720ರಲ್ಲಿ, ಅದೇ ಗವರ್ನರ್ ಬೂನ್ ಇದೇ ಕಾಮತಿಯನ್ನು ವಿಚಾರಣೆಗೆ ನಿಲ್ಲಿಸಿದ. ಆರೋಪ ರಾಜದ್ರೋಹ. ಕಂಪೆನಿಯ ಹಡಗುಗಳಿಗೆ ಸಿಂಹಸ್ವಪ್ನವಾಗಿದ್ದ ಕಾನ್ಹೋಜಿ ಆಂಗ್ರೆಯ ಜೊತೆ ಗುಟ್ಟಾಗಿ ಪತ್ರವ್ಯವಹಾರ ಮಾಡಿದ ಅಂತ. ಪುರಾವೆ ಕೆಲವು ಪತ್ರಗಳು. ಸಾಕ್ಷಿಯೊಬ್ಬನ ಹೆಬ್ಬೆರಳಿಗೆ ಕಬ್ಬಿಣದ ಸ್ಕ್ರೂ ಬಿಗಿದು ಹೇಳಿಕೆ ಪಡೆದರು. ಕಾಮತಿಗೆ ಸೆರೆವಾಸ, ಆಸ್ತಿ ಮುಟ್ಟುಗೋಲು. ಆತ ಸೆರೆಯಲ್ಲೇ ಸತ್ತ. ಆ ಪತ್ರಗಳು ಖೋಟಾ ಅಂತ ಆಮೇಲೆ ತಿಳಿದುಬಂತು. ಮೂವತ್ತು ವರ್ಷ ಸಹಿ ತಾಳೆ ನೋಡಿ ಚೆಕ್ಕು ಪಾಸ್ ಮಾಡಿದ ನನಗೆ ಈ ಕೇಸಿನಲ್ಲಿ ಸ್ವಲ್ಪ ವೃತ್ತಿಪರ ಆಸಕ್ತಿಯೂ ಇದೆ. ಯಾವ ದಸ್ತಾವೇಜು ನಿಜ ಆಗಿರಬೇಕು ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿರುತ್ತಾರೋ, ಅದರ ಸಹಿಯನ್ನು ಯಾರೂ ತಾಳೆ ನೋಡುವುದಿಲ್ಲ.

ಪರಊರಿನಲ್ಲಿ ಬಾಳುವವರ ಬಗ್ಗೆ ಬರೆಯುವಾಗ ಎಲ್ಲರೂ ಏಳಿಗೆಯ ಕತೆಯನ್ನೇ ಬರೆಯುತ್ತಾರೆ. ಹೋಟೆಲು ಇಟ್ಟರು, ಬ್ಯಾಂಕು ಕಟ್ಟಿದರು, ಸಂಘ ಸ್ಥಾಪಿಸಿದರು. ನಿಜವೇ. ಆದರೆ ಚಂದಾ ಕೊಟ್ಟವನು, ಬಾಗಿಲಲ್ಲಿ ನಿಂತು ಮೆಚ್ಚಿ ಕೇಳಿದವನು, ಒಂದು ದಿನ ಇದ್ದಕ್ಕಿದ್ದಂತೆ 'ಹೊರಗಿನವನು' ಆಗಿಬಿಡುವುದೂ ಈ ಊರಿನ ಚರಿತ್ರೆಯ ಮೊದಲ ಪುಟಗಳಲ್ಲೇ ಇದೆ. ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಹೋಟೆಲುಗಳ ಗಾಜು ಒಡೆದದ್ದನ್ನು ಹಿರಿಯರಿಂದ ಕೇಳಿದವರಿಗೆ ಇದು ಅರ್ಥವಾಗುತ್ತದೆ.

1718 ಅಂದರೆ ಎಷ್ಟು ಹಿಂದೆ ಅನ್ನುವುದು ಅಂದಾಜಾಗಲಿಕ್ಕೆ ಒಂದು ಮಾತು: ಆಗ ಬಿದನೂರಿನಲ್ಲಿ ಕೆಳದಿಯ ನಾಯಕರು ಆಳುತ್ತಿದ್ದರು. ಜರ್ಮನಿಯಲ್ಲಿ ಬಾಖ್ ಮೂವತ್ಮೂರು ವರ್ಷದ ತರುಣ, ಒಬ್ಬ ಸಣ್ಣ ರಾಜನ ಆಸ್ಥಾನದಲ್ಲಿ ನೌಕರಿಗಿದ್ದ. ವೆನಿಸ್ಸಿನ ವಿವಾಲ್ಡಿ ಪಿಟೀಲಿಗಾಗಿ ಒಂದಾದ ಮೇಲೊಂದು ಕೃತಿ ಬರೆಯುತ್ತಿದ್ದ. ನಮ್ಮ ದಕ್ಷಿಣದಲ್ಲಿ ಪಿಟೀಲು ಇನ್ನೂ ಕಛೇರಿಗೆ ಬಂದೇ ಇರಲಿಲ್ಲ. ತ್ಯಾಗರಾಜರು ಹುಟ್ಟಿರಲಿಲ್ಲ, ದೀಕ್ಷಿತರು ಹುಟ್ಟಿರಲಿಲ್ಲ.

ಮುಂದಿನ ಕತೆ ಬೇಗ ಹೇಳಿ ಮುಗಿಸುತ್ತೇನೆ. ಮುಂಬಯಿಗೆ ಮೊದಲ ಬಿಷಪ್ ಬಂದಮೇಲೆ 1837ರಲ್ಲಿ ಚರ್ಚು ಕ್ಯಾಥೆಡ್ರಲ್ ಆಯಿತು, ಮರುವರ್ಷ ಗಡಿಯಾರ ಗೋಪುರ ಬಂತು. 1860ರ ದಶಕದಲ್ಲಿ ಬಲಿಪೀಠದ ಭಾಗವನ್ನು ದೊಡ್ಡದು ಮಾಡಿ ಆರ್ಗನ್ನಿಗೆ ಕೋಣೆ ಕಟ್ಟಿದರು. ಊರಿನ ಮೈಲಿಗಲ್ಲುಗಳ ಲೆಕ್ಕ ಶುರುವಾಗುತ್ತಿದ್ದುದೂ ಇಲ್ಲಿಂದಲೇ, ಇದು ಮುಂಬಯಿಯ ಸೊನ್ನೆ ಮೈಲು. ಒಳಗೆ ಗೋಡೆ ತುಂಬ ಸ್ಮಾರಕಫಲಕಗಳು. ಒಂದು ಜೊನಾಥನ್ ಡಂಕನ್‌ನದು. ಶ್ರೀರಂಗಪಟ್ಟಣ ಬಿದ್ದು ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಬಂದ 1799ರಲ್ಲಿ ಮುಂಬಯಿಯ ಗವರ್ನರ್ ಆಗಿದ್ದವನು ಅವನು. ಇತ್ತೀಚೆಗೆ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿದ ರೀತಿಗೆ 2004ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಸಿಕ್ಕಿತು.

ಇನ್ನು ಕಛೇರಿಯ ವಿಷಯ. ಚೇಂಬರ್ ಅಂದರೆ ಕೋಣೆ. ದೊಡ್ಡ ಸಿಂಫನಿ ಆರ್ಕೆಸ್ಟ್ರಾಕ್ಕೆ ಎಂಬತ್ತು ನೂರು ಜನ ಬೇಕಾದರೆ, ಚೇಂಬರ್ ಆರ್ಕೆಸ್ಟ್ರಾ ಹದಿನೈದಿಪ್ಪತ್ತು ಜನರಲ್ಲೂ ನಡೆಯುತ್ತದೆ. ತಂತಿವಾದ್ಯ ಮಾತ್ರ ಎಂದರೆ ತುತ್ತೂರಿ, ಕೊಳಲು, ನಗಾರಿ ಯಾವುದೂ ಇಲ್ಲ. ಮೊದಲ ಪಿಟೀಲಿನವರು, ಎರಡನೇ ಪಿಟೀಲಿನವರು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾ, ಮೊಣಕಾಲ ನಡುವೆ ಹಿಡಿಯುವ ಚೆಲ್ಲೊ, ನಿಂತುಕೊಂಡೇ ಬಾರಿಸುವ ಆನೆಗಾತ್ರದ ಡಬಲ್ ಬೇಸ್. ಎಲ್ಲರ ಮುಂದೆಯೂ ಕಾಗದ. ಒಬ್ಬೊಬ್ಬರ ಕಾಗದದಲ್ಲಿ ಅವರವರ ಭಾಗ ಮಾತ್ರ. ವಿಯೋಲಾದವರನ್ನು ನೋಡಿದರೆ ನನಗೆ ನಮ್ಮ ಲೆಡ್ಜರ್ ಕ್ಲಾರ್ಕುಗಳ ನೆನಪು. ಯಾರ ಕಣ್ಣಿಗೂ ಬೀಳುವುದಿಲ್ಲ, ಅವರು ಒಂದು ದಿನ ರಜೆ ಹಾಕಿದರೆ ಬ್ಯಾಲೆನ್ಸ್ ಕೂಡುವುದಿಲ್ಲ.

ಆ ದಿನ ಮೊದಲು ವಿವಾಲ್ಡಿ, ಆಮೇಲೆ ಮೊಜಾರ್ಟ್ 1787ರಲ್ಲಿ ಬರೆದ 'ಐನೆ ಕ್ಲೈನೆ ನಾಖ್ಟ್‌ಮುಸಿಕ್', ವಿರಾಮದ ನಂತರ ಚೈಕೋವ್‌ಸ್ಕಿಯ 1880ರ ಸೆರೆನೇಡ್. ಮೊಜಾರ್ಟನ ಹೆಸರು ಕೇಳಿ ಗಾಬರಿ ಬೇಡ. ನಮ್ಮ ಹೊಸೂರಿನ ಕಾರ್ಖಾನೆಯ ಟೈಟಾನ್ ವಾಚಿನ ಜಾಹೀರಾತು ಟಿ.ವಿ.ಯಲ್ಲಿ ಬರುತ್ತಿತ್ತಲ್ಲ, ಆ ರಾಗ ಮೊಜಾರ್ಟ್ ಹದಿನೇಳರ ಹುಡುಗನಾಗಿದ್ದಾಗ ಬರೆದ 25ನೇ ಸಿಂಫನಿಯದು. ಆತನನ್ನು ನಾವೆಲ್ಲ ಗೊತ್ತಿಲ್ಲದೆ ವರ್ಷಗಟ್ಟಲೆ ಕೇಳಿದ್ದೇವೆ.

ಕಲ್ಲಿನ ಕಟ್ಟಡದಲ್ಲಿ ತಂತಿಯ ಸ್ವರ ಒಂದು ತರ. ಕಮಾನು ಎತ್ತಿದ ಮೇಲೂ ನಾದ ಒಂದೆರಡು ಕ್ಷಣ ಮೇಲೆ ನಿಂತಿರುತ್ತದೆ. ಹಾಗಾಗಿ ಇಂಥ ಕಡೆ ವೇಗದ ಭಾಗಗಳನ್ನು ಸ್ವಲ್ಪ ತಡೆದೇ ನುಡಿಸಬೇಕು, ಇಲ್ಲವಾದರೆ ಒಂದು ಸ್ವರದ ಬಾಲದ ಮೇಲೆ ಇನ್ನೊಂದು ಹತ್ತಿ ಎಲ್ಲ ಕಲಸಿಹೋಗುತ್ತದೆ. ಮುಂಬಯಿಯ ಸೆಕೆ ಬೇರೆ. ತೇವಕ್ಕೆ ಮರ ಹಿಗ್ಗುತ್ತದೆ, ಶ್ರುತಿ ಜಾರುತ್ತದೆ, ಅಂಟು ಬಿಡುತ್ತದೆ. ಚಳಿಗಾಲದಲ್ಲೇ ಈ ಕಛೇರಿಗಳು ಹೆಚ್ಚು ಇರುವುದಕ್ಕೆ ಇದೂ ಒಂದು ಕಾರಣ. ಮತ್ತೊಂದು ಕಷ್ಟ ನಮ್ಮಂಥವರದು. ಒಂದು ಕೃತಿಯಲ್ಲಿ ಮೂರು ನಾಲ್ಕು ಭಾಗ ಇರುತ್ತದೆ, ನಡುನಡುವೆ ಚಪ್ಪಾಳೆ ತಟ್ಟಬಾರದು. ತಾಳ ಹಾಕಿ, ತಲೆದೂಗಿ, 'ಭಲೇ' ಅಂದು ಅಭ್ಯಾಸ ಆದವರಿಗೆ ಕೈಕಟ್ಟಿ ಕೂತುಕೊಳ್ಳುವುದೆಂದರೆ ಆಡಿಟ್ ದಿನ ಕೂತಂತೆ. ನನ್ನ ಪಕ್ಕದ ಪಾರ್ಸಿ ಅಜ್ಜಿ ಮಾತ್ರ ಕಣ್ಣು ಮುಚ್ಚಿ ಒಂದು ಬೆರಳಲ್ಲಿ ತಾಳ ಹಾಕುತ್ತಲೇ ಇದ್ದರು. ಧೈರ್ಯ ಬಂತು, ನಾನೂ ಹಾಕಿದೆ.

ಕಾರ್ಯಕ್ರಮದ ಕಾಗದದಲ್ಲಿ ವಾದಕರ ಹೆಸರುಗಳಿದ್ದವು. ಬ್ಯಾಂಕಿನವನ ಚಾಳಿ, ಹೆಸರಿನ ಪಟ್ಟಿ ಕಂಡರೆ ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಬೇಕು. ಅರ್ಧಕ್ಕರ್ಧ ಗೋವಾ, ಮಂಗಳೂರು ಕಡೆಯ ಅಡ್ಡಹೆಸರುಗಳು. ಇದು ಯಾಕೆ ಹೀಗೆ?

ಗೋವಾದಲ್ಲಿ ಪೋರ್ಚುಗೀಸರ ಕಾಲದಿಂದ ಪ್ರತಿ ಇಗರ್ಜಿಗೂ ಒಂದು ಶಾಲೆ, ಶಾಲೆಗೆ ಒಬ್ಬ ಸಂಗೀತದ ಮೇಷ್ಟ್ರು. ಬಡವರ ಮನೆ ಹುಡುಗನಾದರೂ ಸರಿ, ಸ್ವರಲಿಪಿ ಓದಲು ಕಲಿಯಬೇಕು, ದನಿ ಚೆನ್ನಾಗಿಲ್ಲದಿದ್ದರೆ ಪಿಟೀಲು ಹಿಡಿಯಬೇಕು. ಪೂಜೆಯ ಹಾಡಿಗೆ ಬೇಕಲ್ಲ. ಆದರೆ ಊರಲ್ಲಿ ಗದ್ದೆ ಇಲ್ಲ, ಕೆಲಸ ಇಲ್ಲ. ಆ ಹುಡುಗರು ಕೈಯಲ್ಲಿ ಪಿಟೀಲಿನ ಪೆಟ್ಟಿಗೆ ಹಿಡಿದು ಮುಂಬಯಿಯ ಹಡಗು ಹತ್ತಿದರು. ಇಲ್ಲಿ ಧೋಬಿ ತಲಾವ್, ಮಝಗಾಂವ್ ಕಡೆ ಅವರವರ ಹಳ್ಳಿಯ ಹೆಸರಿನಲ್ಲಿ 'ಕುಡ್ಡ್'ಗಳಿದ್ದವು. ಅಂದರೆ ಊರವರ ವಸತಿ. ಒಂದು ಟ್ರಂಕು ಇಡುವ ಜಾಗ, ಚಾಪೆ ಹಾಸುವ ಜಾಗ, ಗೋಡೆಗೆ ಒಂದು ದೇವರ ಪೀಠ, ತಿಂಗಳಿಗೆ ಅಲ್ಪ ಬಾಡಿಗೆ. ನಮ್ಮ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕೋಟೆಯ ರಾತ್ರಿಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದ ಕಾಲದಲ್ಲೇ ಅವರು ನಾಲ್ಕು ಬೀದಿ ಆಚೆ ಕುಡ್ಡಿನಲ್ಲಿ ಮಲಗುತ್ತಿದ್ದರು. ನಾವು ಇಡ್ಲಿ ತಂದೆವು, ಅವರು ಪಿಟೀಲು ತಂದರು.

ಹೋಟೆಲಿನ ಬ್ಯಾಂಡು, ಮೂಕಿ ಚಿತ್ರದ ಕಾಲದ ಟಾಕೀಸು, ಆಮೇಲೆ ಮಾತಾಡುವ ಸಿನಿಮಾ. ಹಿಂದಿ ಸಿನಿಮಾ ಸಂಗೀತ ನಿರ್ದೇಶಕರ ರಾಗ ಬಾಯಲ್ಲಿರುತ್ತಿತ್ತು. ಅದನ್ನು ನಲವತ್ತು ಪಿಟೀಲಿಗೆ ಹಂಚಿ ಕಾಗದದ ಮೇಲೆ ಬರೆದುಕೊಡಲು ಸ್ವರಲಿಪಿ ಬಲ್ಲವರು ಬೇಕು. ಶಂಕರ್-ಜೈಕಿಶನ್ ಜೊತೆ ಆ ಕೆಲಸ ಮಾಡಿದವರು ಸೆಬಾಸ್ಟಿಯನ್ ಡಿಸೋಜ. ಗೋವಾದ ಮಜೋರ್ಡದ ಆಂಟನಿ ಗೊನ್ಸಾಲ್ವಿಸ್ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಅಂತ ಕಟ್ಟಿ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ನಮ್ಮ ರಾಗಗಳನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಒಗ್ಗಿಸಿ ತೋರಿಸಿದರು. ಲಕ್ಷ್ಮೀಕಾಂತ್-ಪ್ಯಾರೇಲಾಲರಲ್ಲಿ ಪ್ಯಾರೇಲಾಲ್ ಪಿಟೀಲು ಕಲಿತದ್ದು ಅವರ ಹತ್ತಿರ. 1977ರ 'ಅಮರ್ ಅಕ್ಬರ್ ಆಂಥನಿ'ಯಲ್ಲಿ ಅಮಿತಾಭ್ ಬಚ್ಚನ್ ಈಸ್ಟರ್ ಮೊಟ್ಟೆಯಿಂದ ಹೊರಗೆ ಬಂದು ಹೇಳುವ ಹೆಸರು ಆ ಗುರುವಿನದೇ. 2012ರಲ್ಲಿ ಅವರು ಗೋವಾದಲ್ಲಿ ತೀರಿಕೊಂಡಾಗ ಪೇಪರಿನಲ್ಲಿ ಓದಿದ ಎಷ್ಟೋ ಜನರಿಗೆ ಆಶ್ಚರ್ಯ: ಓ, ಹೀಗೊಬ್ಬರು ನಿಜವಾಗಿ ಇದ್ದರೇ! ನಮ್ಮ ಕನ್ನಡ ಚಿತ್ರಗಳ ಹಳೇ ಹಾಡುಗಳಲ್ಲೂ ಪಲ್ಲವಿ ಮುಗಿದೊಡನೆ ಪಿಟೀಲುಗಳ ಸಾಲು ಅಲೆಯಂತೆ ಏಳುತ್ತದಲ್ಲ, ಅದು ಮದ್ರಾಸಿನ ಸ್ಟುಡಿಯೋಗಳಲ್ಲಿ ಇಂಥದೇ ವಾದಕರು ನುಡಿಸಿದ್ದು. ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದ ಇಳಯರಾಜ ಆ ಪಾಠವನ್ನು ಎಲ್ಲಿಗೆ ಮುಟ್ಟಿಸಿದರು ಅಂತ ಹೇಳಬೇಕಾಗಿಲ್ಲ.

ತೊಂಬತ್ತರ ದಶಕದಲ್ಲಿ ಆ ಸಾಲು ಖಾಲಿಯಾಯಿತು. ಒಂದು ಕೀಬೋರ್ಡು ಬಂತು, ನಲವತ್ತು ಕುರ್ಚಿ ಹೋಯಿತು. ನಾನು ಕೆಲಸ ಮಾಡುತ್ತಿದ್ದ ಶಾಖೆಯಲ್ಲಿ ಅಂಥ ಒಬ್ಬರು ಗಿರಾಕಿ ಇದ್ದರು. ಹೆಸರು ಹೇಳುವುದು ಬೇಡ, ಗಿರಾಕಿಯ ಗುಟ್ಟು ನಿವೃತ್ತಿಯ ಮೇಲೂ ಗುಟ್ಟೇ. ಅವರ ಪಾಸ್‌ಬುಕ್ಕೇ ಒಂದು ಚರಿತ್ರೆ. ಮೊದಮೊದಲು ವಾರಕ್ಕೆ ನಾಲ್ಕು ಐದು ಜಮೆ, ಎಲ್ಲ ಸಣ್ಣ ಮೊತ್ತ, ಒಂದೊಂದು ರೆಕಾರ್ಡಿಂಗಿಗೆ ಒಂದೊಂದು. ಆಮೇಲೆ ವಾರಕ್ಕೆ ಒಂದು. ಆಮೇಲೆ ತಿಂಗಳಿಗೆ ಒಂದು. ಕೊನೆಗೆ ಬಡ್ಡಿ ಜಮೆ ಬಿಟ್ಟರೆ ಸಾಲೇ ಇಲ್ಲ. ಒಂದು ದಿನ ಪೆಟ್ಟಿಗೆ ಹಿಡಿದುಕೊಂಡೇ ಬಂದು ಕೇಳಿದರು: "ಸಾಹೇಬ್, ಇದರ ಮೇಲೆ ಸಾಲ ಸಿಗ್ತದಾ?" ಚಿನ್ನದ ಮೇಲೆ ಸಾಲ ಇತ್ತು, ಬೆಳೆಯ ಮೇಲೆ ಇತ್ತು, ಎಲ್.ಐ.ಸಿ. ಪಾಲಿಸಿಯ ಮೇಲೆ ಇತ್ತು. ಪಿಟೀಲಿಗೆ ಕಾಲಮ್ಮೇ ಇರಲಿಲ್ಲ. ಇಲ್ಲ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಇದು ನಮ್ಮಜ್ಜನದು, ಮಾರಲಿಕ್ಕೆ ಮನಸ್ಸಿಲ್ಲ, ಅಡವಿಟ್ಟರೆ ಬಿಡಿಸಿಕೊಳ್ಳಬಹುದು ಅಂತ" ಅಂದು ಪೆಟ್ಟಿಗೆ ಮುಚ್ಚಿದರು. ಆಮೇಲೆ ಮಕ್ಕಳಿಗೆ ಪಾಠ ಹೇಳಿ ಜೀವನ ಮಾಡಿದರು.

ಗೋವಾದವರದು ಕೈಯಾದರೆ, ಈ ಊರಿನಲ್ಲಿ ಪಾಶ್ಚಾತ್ಯ ಸಂಗೀತವನ್ನು ಸಾಕಿದವರು ಪಾರ್ಸಿಗಳು. ಮೆಹ್ಲಿ ಮೆಹ್ತಾ ಎಂಬ ಪಿಟೀಲುಗಾರ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಮರುವರ್ಷ ಅವರಿಗೆ ಹುಟ್ಟಿದ ಮಗನೇ ಝುಬಿನ್ ಮೆಹ್ತಾ. ಮಗ ಹದಿನೆಂಟಕ್ಕೆ ವಿಯೆನ್ನಾಕ್ಕೆ ಹೋದ, ಅಪ್ಪನೂ ಆಮೇಲೆ ಇಂಗ್ಲೆಂಡು, ಅಮೆರಿಕಾ ಅಂತ ಹೋದರು. ಅದೇ ಹೊತ್ತಿಗೆ, 1934ರಲ್ಲಿ, ಹಿಟ್ಲರನ ಕಾಟದ ದಿನಗಳಲ್ಲಿ ಪ್ರಾಗ್ ಕಡೆಯಿಂದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ ಮುಂಬಯಿಗೆ ಬಂದಿಳಿದ. ಆಗಿನ್ನೂ ಇಪ್ಪತ್ತೇಳು ವರ್ಷ. ಬಂದವನೇ ಮೆಹ್ಲಿ ಮೆಹ್ತಾರನ್ನು ಸೇರಿಸಿಕೊಂಡು ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಶುರು ಮಾಡಿದ. ಆಮೇಲೆ ಮುಂಬಯಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥನಾದ.

ಈ ಕೌಫ್‌ಮನ್ನನ ಸಂಗೀತವನ್ನು ನೀವು ಕೇಳಿದ್ದೀರಿ. ನೀವು ಮಾತ್ರ ಅಲ್ಲ, ನಿಮ್ಮ ಅಪ್ಪ, ಅಜ್ಜ ಎಲ್ಲ ಕೇಳಿದ್ದಾರೆ. ಬೆಳಿಗ್ಗೆ ರೇಡಿಯೋ ಹಾಕಿದ ಕೂಡಲೆ, ಧಾರವಾಡ ಇರಲಿ ಬೆಂಗಳೂರು ಇರಲಿ, ತಂಬೂರಿಯ ಶ್ರುತಿಯ ಮೇಲೆ ಒಂದು ಪಿಟೀಲು ಏಳುತ್ತಿತ್ತಲ್ಲ, 'ವಂದೇ ಮಾತರಂ'ಗೂ ಮೊದಲು? ಅದನ್ನು ಮೂವತ್ತರ ದಶಕದಲ್ಲಿ ಸಂಯೋಜಿಸಿದವನು ಈ ನಿರಾಶ್ರಿತ. ಶಿವರಂಜನಿಯ ಛಾಯೆ ಇದೆ ಅನ್ನುತ್ತಾರೆ. ಪಿಟೀಲು ಮೆಹ್ಲಿ ಮೆಹ್ತಾರದು ಅಂತಲೂ ಹೇಳುತ್ತಾರೆ. ಇನ್ನೊಂದು ಸ್ವಾರಸ್ಯ: 'ಆಕಾಶವಾಣಿ' ಅನ್ನುವ ಹೆಸರನ್ನು 1935ರಲ್ಲೇ ತಮ್ಮ ಖಾಸಗಿ ನಿಲಯಕ್ಕೆ ಇಟ್ಟಿದ್ದವರು ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಹೆಸರು ಮೈಸೂರಿನದು, ರಾಗ ಮುಂಬಯಿಗೆ ಓಡಿಬಂದವನದು. ಕೌಫ್‌ಮನ್ 1946ರಲ್ಲಿ ಹೊರಟುಹೋದ, ಮುಂದೆ ಅಮೆರಿಕಾದಲ್ಲಿ ಪ್ರೊಫೆಸರ್ ಆಗಿ ನಮ್ಮ ಉತ್ತರಾದಿ, ದಕ್ಷಿಣಾದಿ ರಾಗಗಳ ಮೇಲೆ ಒಂದೊಂದು ದೊಡ್ಡ ಗ್ರಂಥ ಬರೆದ. ನಮ್ಮ ದೇಶದಲ್ಲಿ ದಿನವೂ ಕೋಟಿ ಜನ ಅವನ ಸ್ವರ ಕೇಳಿ ಎದ್ದರು, ಅವನ ಹೆಸರು ಮಾತ್ರ ರೇಡಿಯೋದಲ್ಲಿ ಬಂದದ್ದು ನನಗೆ ನೆನಪಿಲ್ಲ.

ಮುಂಬಯಿಯ ಪಿಟೀಲಿನ ಕತೆಯಲ್ಲಿ ಕೋಲಾರ ಜಿಲ್ಲೆಯೂ ಬರುತ್ತದೆ. 1952ರಲ್ಲಿ ನೆಹರೂ ಕರೆಗೆ ಓಗೊಟ್ಟು ಯೆಹೂದಿ ಮೆನುಹಿನ್ ಭಾರತಕ್ಕೆ ಬಂದು ಪರಿಹಾರ ನಿಧಿಗಾಗಿ ಕಛೇರಿ ಮಾಡಿದ. ಲೋಕವಿಖ್ಯಾತ ಪಿಟೀಲುಗಾರ, ಆದರೆ ಮೈಕೈ ನೋವು, ದಣಿವು, ನಿದ್ದೆ ಇಲ್ಲ. ಮುಂಬಯಿಯಲ್ಲಿ ಅವನನ್ನು ನೋಡಲು ಪುಣೆಯಿಂದ ಒಬ್ಬ ಯೋಗ ಮೇಷ್ಟ್ರನ್ನು ಕರೆಸಿದರು. ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹದಿನೆಂಟರಲ್ಲೇ ಹೊಟ್ಟೆಪಾಡಿಗಾಗಿ ಪುಣೆಗೆ ಬಂದು ನೆಲೆಸಿದ್ದವರು. ಕೆಲವೇ ನಿಮಿಷದ ಭೇಟಿ ಅಂತ ನಿಗದಿಯಾಗಿದ್ದದ್ದು ಗಂಟೆಗಟ್ಟಲೆ ನಡೆಯಿತು. 1954ರಲ್ಲಿ ಮೆನುಹಿನ್ ಅವರನ್ನು ಸ್ವಿಟ್ಸರ್ಲೆಂಡಿಗೆ ಕರೆಸಿಕೊಂಡ, ತನ್ನ ಅತ್ಯುತ್ತಮ ಪಿಟೀಲು ಗುರು ಇವರೇ ಅನ್ನುವ ಅರ್ಥದ ಮಾತು ಕೆತ್ತಿಸಿ ಒಂದು ಕೈಗಡಿಯಾರ ಕೊಟ್ಟ. ಪಿಟೀಲು ಮುಟ್ಟದ ಗುರು!

ಹಾಗಂತ ಇದೆಲ್ಲ ಮುಂಬಯಿಯದೇ ಸಾಹಸ, ನಮ್ಮೂರಿಗೆ ಇದರ ಗಂಧಗಾಳಿ ಇರಲಿಲ್ಲ ಅಂತ ತಿಳಿಯಬೇಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಕೀರ್ತನೆಗಳನ್ನು ಹಾಡಿಸಿದರು. ಹೆಂಚಿನ ಕಾರ್ಖಾನೆ, ಕನ್ನಡದ ಮೊದಲ ಪತ್ರಿಕೆ, ನಿಘಂಟು ಇವುಗಳ ಜೊತೆ ಇದೂ ಒಂದು ಕೊಡುಗೆ, ಯಾರೂ ಹೇಳುವುದಿಲ್ಲ ಅಷ್ಟೆ. ಮೈಸೂರಿನಲ್ಲಂತೂ ಅರಮನೆಗೇ ಪಾಶ್ಚಾತ್ಯ ವಾದ್ಯವೃಂದ ಇತ್ತು. ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಪರೀಕ್ಷೆ ಪಾಸು ಮಾಡಿದವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ರಷ್ಯ ಬಿಟ್ಟು ಬಂದು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಮೆಟ್ನರ್ ಎಂಬ ಸಂಯೋಜಕನ ಕೃತಿಗಳನ್ನು ಸ್ವಂತ ಖರ್ಚಿನಲ್ಲಿ ಧ್ವನಿಮುದ್ರಿಸಿದರು. ಆತ ತನ್ನ ಮೂರನೇ ಪಿಯಾನೋ ಕಾಂಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಗೀತೆಗಳು ಮೊತ್ತಮೊದಲು ಲಂಡನ್ನಿನಲ್ಲಿ ಕೇಳಿಸಿದಾಗ ಆ ಕಛೇರಿಯ ನಷ್ಟಕ್ಕೆ ಜಾಮೀನು ನಿಂತವರೂ ಮೈಸೂರಿನ ಅರಸರೇ. ಇದೇ ಒಡೆಯರು ಇತ್ತ ಕರ್ನಾಟಕ ಶೈಲಿಯಲ್ಲಿ ಕೃತಿಗಳನ್ನೂ ರಚಿಸಿದರು.

ಪಿಟೀಲನ್ನು ನಾವು ನಮ್ಮದು ಮಾಡಿಕೊಂಡ ಬಗೆಯೇ ಬೇರೆ. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದನ್ನು ನೆಲದ ಮೇಲೆ ಕೂರಿಸಿದೆವ, ತಲೆಯನ್ನು ಪಾದದ ಮೇಲೆ ಊರಿಸಿದೆವು, ತಂತಿಗಳನ್ನು ಷಡ್ಜ-ಪಂಚಮಕ್ಕೆ ಬಿಗಿದೆವು. ನಮ್ಮ ತಿರುಮಕೂಡಲು ಚೌಡಯ್ಯನವರಿಗೆ ನಾಲ್ಕು ತಂತಿ ಸಾಲದೆ ಏಳು ಮಾಡಿದರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ ಭವನವೇ ನಿಂತಿದೆ. ಆದರೆ ನಮ್ಮಲ್ಲಿ ಪಿಟೀಲು ಒಂಟಿ, ಗಾಯಕನ ನೆರಳು. ಹದಿನೆಂಟು ಜನ ಒಂದೇ ಉಸಿರಿನಲ್ಲಿ ಕಮಾನು ಎಳೆಯುವುದನ್ನು ನಾನು ಕಣ್ಣೆದುರು ನೋಡಿದ್ದು ಆ ಕ್ಯಾಥೆಡ್ರಲ್‌ನಲ್ಲೇ ಮೊದಲು. ಚೈಕೋವ್‌ಸ್ಕಿಯ ಮೂರನೇ ಭಾಗದಲ್ಲಿ ದನಿ ಸಣ್ಣಗಾಗುತ್ತ ಆಗುತ್ತ ಹೋದಾಗ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ.

ಈಗ ಈ ಊರಿನಲ್ಲಿ ವಾದ್ಯವೃಂದಗಳ ಸ್ಥಿತಿ ಹೇಗಿದೆ? 1962ರಲ್ಲಿ ಸ್ಥಾಪನೆಯಾದ ಬಾಂಬೆ ಚೇಂಬರ್ ಆರ್ಕೆಸ್ಟ್ರಾವನ್ನು ದಶಕಗಳ ಕಾಲ ನಡೆಸಿದವರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಹಗಲು ಆಫೀಸು, ಸಂಜೆ ತಾಲೀಮು. 2006ರಲ್ಲಿ ನರಿಮನ್ ಪಾಯಿಂಟಿನ ಎನ್.ಸಿ.ಪಿ.ಎ.ಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರುವಾಯಿತು. ಪಿಟೀಲುಗಾರ ಮರಾತ್ ಬಿಸೆಂಗಲಿಯೆವ್ ಕಝಾಕಿಸ್ತಾನದವರು, ಅವರ ಜೊತೆ ಆ ಕಡೆಯ ಬಹಳ ಜನ ವಾದಕರು ಬಂದರು. ಭಾರತದ ಆರ್ಕೆಸ್ಟ್ರಾದಲ್ಲಿ ಕಝಾಕ್ ಹೆಸರುಗಳೇ ಯಾಕೆ ಅಂತ ಕೆಲವರು ಗೊಣಗುತ್ತಾರೆ. ಈ ಗೊಣಗು ನನಗೆ ಹಿಡಿಸುವುದಿಲ್ಲ. ಹೊಟ್ಟೆಪಾಡಿಗೆ ಪಿಟೀಲು ಹಿಡಿದು ಮುಂಬಯಿಗೆ ಬಂದವರಲ್ಲಿ ಅವರೇನೂ ಮೊದಲಿಗರಲ್ಲ. ಗೊಣಗುವುದೇ ಆದರೆ ಬೇರೆ ವಿಷಯಕ್ಕೆ ಗೊಣಗಬೇಕು: ಇಲ್ಲಿ ಹುಟ್ಟಿ ಕಲಿತ ಹುಡುಗ ಇದನ್ನೇ ನಂಬಿ ಬದುಕುವಷ್ಟು ಸಂಬಳದ ಕುರ್ಚಿಗಳು ಈ ದೇಶದಲ್ಲಿ ಬೆರಳೆಣಿಕೆಗೂ ಸಿಕ್ಕುವುದಿಲ್ಲ. ಕೇಳುಗರಲ್ಲಿ ತಲೆ ನರೆತವರೇ ಹೆಚ್ಚು. ಅವತ್ತು ಸಂಜೆ ಅರವತ್ತು ದಾಟಿದ ನಾನು ಅಲ್ಲಿ ಕಿರಿಯರ ಸಾಲಿನಲ್ಲಿದ್ದೆ.

ನಮ್ಮ ವಾಶಿಯಲ್ಲಿ ಮಾತ್ರ ಬೇರೆ ಗಾಳಿ ಬೀಸುತ್ತಿದೆ. 1992ರಲ್ಲಿ ಖಾಡಿ ದಾಟಿ ಲೋಕಲ್ ಬಂದಮೇಲೆ ನಾವೆಲ್ಲ ಇಲ್ಲಿಗೆ ಮನೆ ಮಾಡಿ ಬಂದವರು. ನಮ್ಮ ಮಕ್ಕಳಿಗೆ ಹಾರ್ಮೋನಿಯಂ, ಭರತನಾಟ್ಯ, ಭಜನೆ ಕಲಿಸಿದೆವು. ಈಗಿನ ಮೊಮ್ಮಕ್ಕಳು ಲಂಡನ್ನಿನ ಟ್ರಿನಿಟಿ ಪರೀಕ್ಷೆಗೆ ಪಿಟೀಲು ಕಟ್ಟುತ್ತಾರೆ, ಗ್ರೇಡ್ ಒಂದು, ಗ್ರೇಡ್ ಎರಡು ಅಂತ. 'ಕನ್ನಡ ಬರೆಯಲು ಬಾರದು, ಮೊಜಾರ್ಟ್ ಬೇಕಂತೆ' ಅಂತ ಸಂಘದಲ್ಲಿ ಹಿರಿಯರೊಬ್ಬರು ಸಿಡುಕಿದ್ದರು. ಅವರ ಸಿಟ್ಟಿನ ಮೊದಲರ್ಧ ನನಗೂ ಒಪ್ಪಿಗೆ. ಉಳಿದರ್ಧಕ್ಕೆ ಜಯಚಾಮರಾಜ ಒಡೆಯರ ಹೆಸರು ಹೇಳಿದೆ. ಅವರು ಸುಮ್ಮನಾದರು, ಒಪ್ಪಿದರು ಅಂತಲ್ಲ.

ಪಿಟೀಲಿನಲ್ಲಿ ಮಕ್ಕಳ ಅಳತೆಗಳಿರುತ್ತವೆ: ಕಾಲು, ಅರ್ಧ, ಮುಕ್ಕಾಲು. ಕೈ ಉದ್ದವಾದ ಹಾಗೆ ಬದಲಿಸಬೇಕು. ಹೊಸತು ಯಾರು ಕೊಳ್ಳುತ್ತಾರೆ? ನಮ್ಮ ಕಟ್ಟಡದ ಒಂದು ಅರ್ಧ ಅಳತೆಯ ಪಿಟೀಲು ಮೊದಲು ಮೂರನೇ ಮಹಡಿಯ ಪಾಲಕ್ಕಾಡಿನವರ ಹುಡುಗನ ಹತ್ತಿರ ಇತ್ತು. ಅಲ್ಲಿಂದ ಕೆಳಗಿನ ಮರಾಠಿ ಮನೆಗೆ, ಆಮೇಲೆ ಕುಂದಾಪುರದ ಶೆಟ್ಟರ ಮೊಮ್ಮಗಳಿಗೆ ಬಂತು. ಅವಳು ಎರಡು ವರ್ಷ ಸಂಜೆ ಸಂಜೆ ನಮಗೆಲ್ಲ ಅದರ ಕೀರಲು ಕೇಳಿಸಿ, ಕೊನೆಕೊನೆಗೆ ಚೆನ್ನಾಗಿಯೇ ನುಡಿಸಿ, ಮುಕ್ಕಾಲಿಗೆ ಬಡ್ತಿ ಪಡೆದಳು. ಅರ್ಧದ್ದನ್ನು ಶೆಟ್ಟರು ಕೊಂಡ ಬೆಲೆಗೇ ಪಕ್ಕದ ಸೆಕ್ಟರಿನ ಯಾರಿಗೋ ಮಾರಿದರು. ಸವಕಳಿ ಅಂತ ಏನೂ ಕಳೆಯಲಿಲ್ಲವೇ ಅಂತ ಕೇಳಿದೆ. "ತಂತಿ ಹೊಸತು ಹಾಕ್ಸಿದ್ದೇನೆ ಮಾರಾಯ್ರೆ" ಅಂದರು.